ನಾಲೆಯ ನೀರು, ಬಡವನ ಕುರಿ

ಶ್ರೀರಂಗಪಟ್ಟಣದಿಂದ ಕನ್ನಂಬಾಡಿಯ ಕಡೆಗೆ ಹೋಗುವ ರಸ್ತೆಯಲ್ಲಿ ಪಾಲಹಳ್ಳಿ ಸಿಗುತ್ತದೆ. ಬಲಮುರಿ ಕಟ್ಟೆಯಿಂದ ಹೊರಟ ವಿರಿಜಾ ನಾಲೆಯ ಸೀಮೆ ಅದು. ನಾಲೆಯ ಕೆಳಗೆ ಗದ್ದೆ, ಗದ್ದೆಗೆ ಬದು, ಬದುವಿನ ಮೇಲೆ ಕಡುಬೇಸಿಗೆಯಲ್ಲೂ ಬಾಡದ ಹುಲ್ಲು. ನಾಗಮಂಗಲದ ಬೋರೆಯಿಂದ ಬಂದವನು ಈ ಹಸಿರನ್ನು ಕಂಡರೆ, ಕುರಿ ಸಾಕಿದರೆ ಇಲ್ಲಿ ಸಾಕಬೇಕು ಎಂದುಕೊಳ್ಳುವುದು ಸಹಜ. ಆದರೆ ನಾಲೆ ಸೀಮೆಯಲ್ಲಿ ಕುರಿ ಸಾಕಿದವರನ್ನು ಕೇಳಿ ನೋಡಿ. ಹೊಟ್ಟೆ ತುಂಬ ಮೇಯ್ದ ಕುರಿ ದಿನದಿಂದ ದಿನಕ್ಕೆ ಸೊರಗುತ್ತದೆ. ಕಣ್ಣಿನ ರೆಪ್ಪೆ ಬಿಡಿಸಿದರೆ ಕೆಂಪು ಹೋಗಿ ಬಿಳಿಚಿಕೊಂಡಿರುತ್ತದೆ. ಸಂಜೆಯ ಹೊತ್ತಿಗೆ ಗದ್ದದ ಕೆಳಗೆ ನೀರಿನ ಚೀಲ ಕಟ್ಟಿದ ಹಾಗೆ ಬಾತುಕೊಳ್ಳುತ್ತದೆ. ಒಂದು ಬೆಳಗ್ಗೆ ರೊಪ್ಪದಲ್ಲಿ ಕಾಲು ಚಾಚಿ ಬಿದ್ದಿರುತ್ತದೆ. ಹಸಿರಿನ ನಡುವೆ ಕುರಿ ಸಾಯುತ್ತದೆ, ಹಸಿವಿನಿಂದಲ್ಲ, ಹುಳುವಿನಿಂದ.

ಕುರಿಯ ಹೊಟ್ಟೆಯ ಹುಳು ಸಂಪಾದಕೀಯಕ್ಕೆ ವಸ್ತುವೇ ಎಂದು ಕೇಳುವ ಮಹಾಶಯರು ಇರಬಹುದು. ಅವರಿಗೆ ನಮ್ಮ ಉತ್ತರ ಇಷ್ಟೆ. ಈ ಪತ್ರಿಕೆಯನ್ನು ಓದುವ ಗಿರಣಿ ಕಾರ್ಮಿಕರಲ್ಲಿ ಎಷ್ಟು ಮಂದಿಯ ತಾಯಿತಂದೆ ಹಳ್ಳಿಯಲ್ಲಿ ನಾಲ್ಕು ಕುರಿ, ಎರಡು ಮೇಕೆ ಕಟ್ಟಿಕೊಂಡು ಕುಳಿತಿದ್ದಾರೆ? ಜೂನ್ ತಿಂಗಳಲ್ಲಿ ಮಗುವಿನ ಶಾಲೆಯ ಶುಲ್ಕಕ್ಕೆ, ಆಸ್ಪತ್ರೆಯ ಖರ್ಚಿಗೆ, ಮಗಳ ಮದುವೆಯ ಸೀರೆಗೆ ಸಂತೆಗೆ ಹೊಡೆದುಕೊಂಡು ಹೋಗುವುದು ಯಾವುದನ್ನು? ಬ್ಯಾಂಕಿನ ಬಾಗಿಲು ಬಡವನಿಗೆ ಸುಲಭವಾಗಿ ತೆರೆಯುವುದಿಲ್ಲ. ಆದರೆ ಟಗರೊಂದನ್ನು ಯಾವ ಸೋಮವಾರವಾದರೂ ನಗದಿಗೆ ತಿರುಗಿಸಬಹುದು. ಕುರಿ ಬಡವನ ಉಳಿತಾಯ, ಬಡವನ ವಿಮೆ. ಆ ಉಳಿತಾಯವನ್ನು ಒಳಗಿನಿಂದ ತಿನ್ನುವ ಹುಳುವಿನ ಬಗ್ಗೆ ಬರೆಯದೆ ಬೇರೆ ಯಾವುದರ ಬಗ್ಗೆ ಬರೆಯಬೇಕು?

ಪಾಲಹಳ್ಳಿಯ ಹೆಸರು ಕೈಗಾರಿಕೆಯ ಚರಿತ್ರೆಯಲ್ಲಿಯೂ ಇದೆ ಎಂಬುದನ್ನು ವಾಚಕರು ನೆನೆಯಬೇಕು. 1847ರಲ್ಲಿ ಇಲ್ಲಿ ಅಷ್ಟಗ್ರಾಮ ಸಕ್ಕರೆ ಕಾರ್ಖಾನೆ ಸ್ಥಾಪನೆಯಾಯಿತು. ಸುತ್ತಲ ರೈತರ ಬೆಲ್ಲವನ್ನು ಕೊಂಡು ಸಕ್ಕರೆ ಮಾಡುತ್ತಿದ್ದರು. ಇಂದು ಆ ಕಾರ್ಖಾನೆ ಇಲ್ಲ. 1933ರಲ್ಲಿ ಶುರುವಾದ ಮಂಡ್ಯದ ಸಕ್ಕರೆ ಕಾರ್ಖಾನೆ ವರ್ಷಗಟ್ಟಲೆ ನಿಂತು ಮತ್ತೆ ನಡೆದದ್ದನ್ನು ಕಾರ್ಮಿಕರು ಕಣ್ಣಾರೆ ಕಂಡಿದ್ದಾರೆ. ಬೆಳಗೊಳದ ಕಾಗದದ ಕಾರ್ಖಾನೆ ಬಾಗಿಲು ಮುಚ್ಚಿತು. ಗಿರಣಿಗಳು ಬರುತ್ತವೆ, ನಿಲ್ಲುತ್ತವೆ, ಹೋಗುತ್ತವೆ. ಗಿರಣಿ ನಿಂತ ದಿನ ಕೂಲಿಯವನು ಹಿಂತಿರುಗುವುದು ಹಳ್ಳಿಗೆ. ಹಳ್ಳಿಯಲ್ಲಿ ಭೂಮಿಯಿಲ್ಲದವನ ಕೈಗೆ ಸಿಗುವ ಮೊದಲ ಆಧಾರ ಎರಡು ಮರಿ. ಆದುದರಿಂದ ಇದು ಕುರಿ ಕಾಯುವವರ ಒಂದು ಜಾತಿಯ ಪ್ರಶ್ನೆಯಲ್ಲ, ಪಶುವೈದ್ಯರ ಪ್ರಶ್ನೆ ಮಾತ್ರವೂ ಅಲ್ಲ, ದುಡಿಯುವವರೆಲ್ಲರ ಪ್ರಶ್ನೆ.

ರಕ್ತದ ಲೆಕ್ಕ

ಮೊದಲು ಶತ್ರುವನ್ನು ಗುರುತಿಸೋಣ. ಕುರಿ ಮೇಕೆಗಳ ಒಳಗೆ ಸೇರುವ ಹುಳುಗಳು ಹಲವು. ಅವುಗಳಲ್ಲಿ ನಮ್ಮ ಸೀಮೆಯಲ್ಲಿ ಹೆಚ್ಚು ಹಾನಿ ಮಾಡುವವು ಎರಡು. ಒಂದು, ನಾಲ್ಕನೆಯ ಹೊಟ್ಟೆಯಲ್ಲಿ ಕುಳಿತು ರಕ್ತ ಹೀರುವ ದುಂಡುಹುಳು. ವೈದ್ಯರು ಇದನ್ನು ಹೀಮಾಂಕಸ್ ಎನ್ನುತ್ತಾರೆ. ಇನ್ನೊಂದು, ಯಕೃತ್ತಿನೊಳಗೆ, ಅಂದರೆ ಮಾಂಸದಂಗಡಿಯವರು ಲಿವರ್ ಎನ್ನುವ ಅಂಗದೊಳಗೆ, ಮನೆ ಮಾಡುವ ಚಪ್ಪಟೆ ಹುಳು.

ದುಂಡುಹುಳು ನೋಡುವುದಕ್ಕೆ ದಾರದ ಎಳೆಯಷ್ಟು. ಉದ್ದ ಒಂದು ಇಂಚಿಗೂ ಕೊಂಚ ಮೀರಬಹುದು, ಅಷ್ಟೆ. ಒಂದು ಹುಳು ದಿನಕ್ಕೆ ಕುರಿಗೆ ತರುವ ರಕ್ತನಷ್ಟ ಸುಮಾರು 0.05 ಮಿಲಿಲೀಟರು. ಇಷ್ಟೇ ತಾನೆ ಎನ್ನಬೇಡಿ. ಸಾವಿರ ಹುಳು ಇದ್ದರೆ ದಿನಕ್ಕೆ 50 ಮಿಲಿಲೀಟರು ಹೋಯಿತು. 20 ಕಿಲೋ ತೂಗುವ ಮರಿಯ ಮೈಯಲ್ಲಿರುವ ಒಟ್ಟು ರಕ್ತ ಒಂದೂಕಾಲು ಲೀಟರಿನ ಆಸುಪಾಸು. ತಿಂಗಳು ತುಂಬುವುದರೊಳಗೆ ಅದರ ಮೈಯ ರಕ್ತದಷ್ಟೂ ರಕ್ತ ಸೋರಿಹೋದ ಹಾಗಾಯಿತು. ಮರಿ ಮೇಯುತ್ತದೆ, ರಕ್ತ ಕಟ್ಟುತ್ತದೆ, ಹುಳು ಕುಡಿಯುತ್ತದೆ. ಮರಿಯ ದುಡಿಮೆಯೆಲ್ಲ ಹುಳುವಿನ ಪಾಲು. ದುಡಿದು ದುಡಿದು ಸಾಲದ ಬಡ್ಡಿಗೇ ಸಂಬಳ ಸಲ್ಲಿಸುವವನಿಗೆ ಈ ಲೆಕ್ಕವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹೆಣ್ಣುಹುಳು ದಿನಕ್ಕೆ 5,000ದಿಂದ 10,000 ಮೊಟ್ಟೆಯಿಡುತ್ತದೆ. ಆ ಮೊಟ್ಟೆ ಹಿಕ್ಕೆಯೊಡನೆ ನೆಲಕ್ಕೆ ಬೀಳುತ್ತದೆ. ಮುಂಗಾರಿನ ತೇವ, ಬಿಸುಪು ಎರಡೂ ಸೇರಿದರೆ ಒಂದು ವಾರದ ಸುಮಾರಿಗೆ ಮರಿಹುಳು ಸಿದ್ಧವಾಗಿ, ಇಬ್ಬನಿಯ ನೀರನ್ನು ಹಿಡಿದು ಹುಲ್ಲಿನ ಬುಡದಿಂದ ಮೇಲೇರಿ ಕಾಯುತ್ತದೆ. ಕುರಿ ಆ ಹುಲ್ಲನ್ನು ಕಚ್ಚಿದರೆ ಮೂರು ವಾರದೊಳಗೆ ಅದೇ ಹುಳು ಬೆಳೆದು ತಾನೂ ಮೊಟ್ಟೆಯಿಡಲು ತೊಡಗುತ್ತದೆ. ಹೀಗೆ ಒಂದು ಮಳೆಗಾಲದೊಳಗೆ ತಲೆಮಾರಿನ ಮೇಲೆ ತಲೆಮಾರು. ಇಬ್ಬನಿ ಆರುವ ತನಕ ಮಂದೆ ಬಿಡಬಾರದು ಎಂದು ಹಳೆಯ ಕುರಿಗಾಹಿಗಳು ಹೇಳುತ್ತಿದ್ದ ಮಾತಿನಲ್ಲಿ ಎಷ್ಟು ವಿಜ್ಞಾನವಿತ್ತು ಎಂಬುದು ಇದರಿಂದ ತಿಳಿಯುತ್ತದೆ.

ಮೇಕೆಯ ಕಥೆ ಕೊಂಚ ಬೇರೆ. ಅದು ಸೊಪ್ಪು ತಿನ್ನುವ ಪ್ರಾಣಿ. ಮುಂಗಾಲೆತ್ತಿ ಬೇಲಿಯ ಎಲೆ ಕೀಳುತ್ತದೆ. ಎಲೆಯ ಎತ್ತರಕ್ಕೆ ಹುಳು ಏರುವುದಿಲ್ಲ. ಆದರೆ ಬೇಲಿಯೂ ಹೋಗಿ, ಗೋಮಾಳವೂ ಒತ್ತುವರಿಯಾಗಿ, ಮೇಕೆ ನೆಲದ ಹುಲ್ಲಿಗೆ ಬಾಯಿ ಹಾಕುವ ಸ್ಥಿತಿ ಬಂದಾಗ, ಹುಳುವಿನ ಕಾಟ ಕುರಿಗಿಂತ ಮೇಕೆಗೇ ಹೆಚ್ಚು. ನೆಲದ ಹುಳುವಿನೊಡನೆ ಹೋರಾಡುವ ಶಕ್ತಿಯನ್ನು ಅದು ಕುರಿಯಷ್ಟು ಬೆಳೆಸಿಕೊಂಡಿಲ್ಲ. ಗೋಮಾಳದ ಒತ್ತುವರಿ ಎಂಬುದು ಬರಿಯ ಕಂದಾಯದ ಕಡತದ ಮಾತಲ್ಲ. ಅದು ಮೇಕೆಯ ರಕ್ತದಲ್ಲಿ ಕಾಣುವ ಮಾತು.

ನಾಲೆಯ ಲೆಕ್ಕದಲ್ಲಿ ಬಾರದ ಬಸವನಹುಳು

ಈಗ ಎರಡನೆಯ ಶತ್ರುವಿಗೆ ಬರೋಣ. ನಾಲೆ ಸೀಮೆಗೆ ವಿಶೇಷವಾಗಿ ಅಂಟಿಕೊಂಡದ್ದು ಇದೇ. ಯಕೃತ್ತಿನ ಚಪ್ಪಟೆ ಹುಳು ಎಲೆಯ ಆಕಾರದ್ದು. ನಮ್ಮ ದೇಶದಲ್ಲಿ ಹೆಚ್ಚಾಗಿ ಕಾಣುವ ಜಾತಿ ಒಂದರಿಂದ ಮೂರು ಇಂಚಿನವರೆಗೂ ಬೆಳೆಯುತ್ತದೆ. ಇದರ ಮೊಟ್ಟೆ ಒಣನೆಲಕ್ಕೆ ಬಿದ್ದರೆ ಸತ್ತಿತು. ನೀರಿಗೆ ಬಿದ್ದರೆ ಎರಡು ಮೂರು ವಾರದಲ್ಲಿ ಒಡೆದು ಕಣ್ಣಿಗೆ ಕಾಣದ ಮರಿಯೊಂದು ಈಜತೊಡಗುತ್ತದೆ. ಆ ಮರಿಗೆ ಇರುವ ಆಯುಷ್ಯ ಸುಮಾರು ಒಂದು ದಿನ. ಅಷ್ಟರೊಳಗೆ ಅದಕ್ಕೆ ನೀರಿನ ಬಸವನಹುಳು ಸಿಗಬೇಕು. ಎಲ್ಲ ಬಸವನಹುಳುವೂ ಆಗದು, ಲಿಮ್ನಿಯಾ ಎಂಬ ಜಾತಿಯದೇ ಆಗಬೇಕು. ಸಿಕ್ಕಿತೆಂದರೆ ಅದರ ಮೈಯೊಳಗೆ ನುಗ್ಗಿ ಒಂದು ನೂರಾರು ಆಗುತ್ತದೆ. ಹೊರಬಂದ ಮರಿಗಳು ನೀರಂಚಿನ ಹುಲ್ಲಿಗೆ, ಭತ್ತದ ಕೂಳೆಗೆ ಅಂಟಿ, ಮೇಲೆ ಚಿಪ್ಪು ಕಟ್ಟಿಕೊಂಡು ವಾರಗಟ್ಟಲೆ ಕಾಯುತ್ತವೆ. ಕುರಿ ಹುಲ್ಲು ಕಚ್ಚಿದ ಮೇಲೆ ಅವು ಕರುಳನ್ನು ಕೊರೆದು, ಯಕೃತ್ತನ್ನು ಕೊರೆದು, ಮೂರು ನಾಲ್ಕು ತಿಂಗಳಲ್ಲಿ ದೊಡ್ಡದಾಗಿ ಪಿತ್ತನಾಳದಲ್ಲಿ ನೆಲೆ ನಿಲ್ಲುತ್ತವೆ.

ಈ ಸುತ್ತನ್ನು ಪತ್ತೆ ಹಚ್ಚಿದ ಕಥೆ ನಮಗೆ ಪಾಠವಾಗುವಂಥದು. 1879-80ರ ಚಳಿಗಾಲದಲ್ಲಿ ಮಳೆಯ ಮೇಲೆ ಮಳೆ ಸುರಿದು ಇಂಗ್ಲೆಂಡಿನಲ್ಲಿ ಸುಮಾರು 30 ಲಕ್ಷ ಕುರಿಗಳು ಈ ಹುಳುವಿನಿಂದ ಸತ್ತವು. ಅಲ್ಲಿನ ಜಮೀನುದಾರರು ಎಚ್ಚೆತ್ತರು. ಸಂಶೋಧನೆಗೆ ಹಣ ಬಂತು. 1883ರ ಹೊತ್ತಿಗೆ ಆಕ್ಸ್‌ಫರ್ಡಿನ ಥಾಮಸ್ ಎಂಬಾತನೂ ಲೈಪ್‌ಜಿಗ್ಗಿನ ಲ್ಯೂಕಾರ್ಟ್ ಎಂಬಾತನೂ ಬೇರೆ ಬೇರೆಯಾಗಿ ಕೆಲಸ ಮಾಡಿ, ಬಸವನಹುಳುವಿನ ಮೂಲಕವೇ ಈ ರೋಗ ಹಬ್ಬುತ್ತದೆಂದು ತೋರಿಸಿಕೊಟ್ಟರು. ಅಂದರೆ ಕಾರಣ ಗೊತ್ತಾಗಿ 140 ವರ್ಷ ಕಳೆದಿದೆ. ಜ್ಞಾನದ ಕೊರತೆಯಿಂದ ಪಾಲಹಳ್ಳಿಯ ಕುರಿ ಸಾಯುತ್ತಿಲ್ಲ. ಜ್ಞಾನ ಇರುವ ಕಡೆಯಿಂದ ಕುರಿ ಇರುವ ಕಡೆಗೆ ಬರುವ ದಾರಿ ಉದ್ದವಾಗಿದೆ, ಅಷ್ಟೆ.

ನಮ್ಮಲ್ಲಿ ಆದದ್ದೇನು? ಕಾವೇರಿಗೆ ಕಟ್ಟೆ ಕಟ್ಟಿ ನಾಲೆ ಎಳೆಯುವ ಕೆಲಸ ಈ ಸೀಮೆಯಲ್ಲಿ ಶತಮಾನಗಳಿಂದ ನಡೆದಿದೆ. ಚಿಕ್ಕದೇವರಾಯ ಸಾಗರ ನಾಲೆಯ ಹೆಸರೇ ಅದಕ್ಕೆ ಸಾಕ್ಷಿ. 1911ರಲ್ಲಿ ಪ್ರಾರಂಭವಾಗಿ 1930ರ ದಶಕದ ಮೊದಲಲ್ಲಿ ಮುಗಿದ ಕನ್ನಂಬಾಡಿ ಅಣೆಕಟ್ಟಿನಿಂದ, ವಿಶ್ವೇಶ್ವರಯ್ಯ ನಾಲೆಯಿಂದ ಮಂಡ್ಯದ ಒಣನೆಲ ಗದ್ದೆಯಾಯಿತು, ಕಬ್ಬಿನ ತೋಟವಾಯಿತು. ಇದರಿಂದ ನಾಡಿಗೆ ಒಳ್ಳೆಯದಾಯಿತು ಎಂಬುದನ್ನು ಯಾರೂ ಅಲ್ಲಗಳೆಯಲಾರರು. ಆದರೆ ನೀರಿನೊಡನೆ ಬಸವನಹುಳುವೂ ಬಂತು. ಬಸಿಗಾಲುವೆ ಹೂಳು ತುಂಬಿದ ಕಡೆ ಜೌಗಾಯಿತು; ಜೌಗಿನಲ್ಲಿ ಅದು ಹೆಚ್ಚಿತು. ಅದೇ ಕಾಲಕ್ಕೆ ಬೀಳುಭೂಮಿ ಬೆಳೆಗೆ ಹೋಯಿತು, ಗೋಮಾಳ ಕುಗ್ಗಿತು. ಭೂಮಿಯಿಲ್ಲದವನ ಕುರಿಗೆ ಉಳಿದದ್ದು ನಾಲೆಯ ಏರಿ, ಗದ್ದೆಯ ಬದು, ಸುಗ್ಗಿಯಾದ ಮೇಲಿನ ಕೂಳೆ. ಹುಳು ಕಾದು ಕುಳಿತಿರುವುದೂ ಅಲ್ಲಿಯೇ. ನೀರಿನ ಲಾಭ ಗದ್ದೆಯಿದ್ದವನಿಗೆ. ನೀರಿನ ಹುಳು ಗದ್ದೆಯಿಲ್ಲದವನಿಗೆ. ಎಕರೆಯ ಲೆಕ್ಕ, ಟಿ.ಎಂ.ಸಿ.ಯ ಲೆಕ್ಕ, ಟನ್ನಿನ ಲೆಕ್ಕ ಎಲ್ಲವನ್ನೂ ಇಟ್ಟ ಸರಕಾರದ ಪುಸ್ತಕದಲ್ಲಿ ಈ ಬಸವನಹುಳುವಿನ ಲೆಕ್ಕ ಮಾತ್ರ ಬಿಟ್ಟುಹೋಗಿದೆ.

ಇದು ನಾಲೆ ಸೀಮೆಯೊಳಗೇ ನಿಲ್ಲುವ ಪಿಡುಗೂ ಅಲ್ಲ. ಬೇಸಿಗೆಯಲ್ಲಿ ಒಣಸೀಮೆಯ ಮಂದೆಗಳು ನೀರಿರುವ ಕಡೆಗೆ ಇಳಿಯುತ್ತವೆ. ಗೊಬ್ಬರಕ್ಕಾಗಿ ರೈತರು ಗದ್ದೆಯಲ್ಲಿ ಮಂದೆ ಹಾಕಿಸುತ್ತಾರೆ. ಕುರಿಯವನಿಗೆ ಒಂದಿಷ್ಟು ಕಾಳೋ ಕಾಸೋ ಸಿಗುತ್ತದೆ. ರೈತನಿಗೆ ಗೊಬ್ಬರ ಉಳಿಯುತ್ತದೆ, ಕುರಿಯವನು ಹುಳುವನ್ನು ಹೊತ್ತುಕೊಂಡು ನಾಗಮಂಗಲಕ್ಕೋ ಕೃಷ್ಣರಾಜಪೇಟೆಗೋ ಹಿಂತಿರುಗುತ್ತಾನೆ. ಕುರಿ ಸಾಯುವುದು ತಿಂಗಳುಗಳ ಮೇಲೆ, ಊರಿನಲ್ಲಿ. ತಗಲಿದ್ದು ಎಲ್ಲಿ ಎಂದು ಆಗ ಯಾರಿಗೆ ಗೊತ್ತು?

ಕಣ್ಣುಕಟ್ಟಿ ಕುಡಿಸುವ ಮದ್ದು

ಹುಳುವಿಗೆ ಮದ್ದಿಲ್ಲವೆಂದಲ್ಲ. ಆಲ್ಬೆಂಡಜೋಲ್, ಫೆನ್‌ಬೆಂಡಜೋಲ್, ಲೆವಮಿಸೋಲ್, ಐವರ್‌ಮೆಕ್ಟಿನ್, ಕ್ಲೋಸಾಂಟೆಲ್, ಆಕ್ಸಿಕ್ಲೋಜನೈಡ್, ಟ್ರೈಕ್ಲಾಬೆಂಡಜೋಲ್ ಎಂದು ಹೆಸರುಗಳು ಸಾಲಾಗಿವೆ. ಇಲಾಖೆಯ ಪಶು ಆಸ್ಪತ್ರೆಗಳಲ್ಲಿ ಜಂತುನಾಶಕವನ್ನು ಕೊಡುವುದೂ ಉಂಟು. ಆದರೆ ಪ್ರತಿಯೊಂದು ಮದ್ದಿಗೂ ಅದರದೇ ಆದ ಗುರಿಯಿದೆ. ಐವರ್‌ಮೆಕ್ಟಿನ್ನನ್ನು ಕಂಡುಹಿಡಿದವರಿಗೆ 2015ರಲ್ಲಿ ನೊಬೆಲ್ ಬಹುಮಾನ ಬಂತು. ದುಂಡುಹುಳುವಿಗೆ ಅದು ರಾಮಬಾಣವೆಂದು ಹೆಸರಾಯಿತು. ಆದರೆ ಯಕೃತ್ತಿನ ಚಪ್ಪಟೆ ಹುಳುವಿಗೆ ಅದು ನಾಟುವುದಿಲ್ಲ. ಆಲ್ಬೆಂಡಜೋಲ್ ಹೆಚ್ಚಿನ ಅಳತೆಯಲ್ಲಿ ಕೊಟ್ಟರೆ ಬೆಳೆದ ಚಪ್ಪಟೆ ಹುಳುವನ್ನು ಕೊಲ್ಲುತ್ತದೆ. ಯಕೃತ್ತನ್ನು ಕೊರೆಯುತ್ತಿರುವ ಎಳೆಯ ಹುಳುವನ್ನು ಮುಟ್ಟುವುದಿಲ್ಲ. ಎಳೆಯ ಹುಳುವಿಗೆ ಟ್ರೈಕ್ಲಾಬೆಂಡಜೋಲ್ ಬೇಕು. ಗಬ್ಬದ ಮೊದಲ ತಿಂಗಳಲ್ಲಿ ಆಲ್ಬೆಂಡಜೋಲ್ ಕೊಟ್ಟರೆ ಮರಿಗೆ ಅಪಾಯ. ಕುರಿಗೆ ಹೇಳಿದ ಅಳತೆ ಎಷ್ಟೋ ಮದ್ದುಗಳಲ್ಲಿ ಮೇಕೆಗೆ ಸಾಲದು.

ಇಷ್ಟನ್ನು ಕುರಿಯವನಿಗೆ ಯಾರು ಹೇಳಬೇಕು? ಪೇಟೆಯ ಅಂಗಡಿಗೆ ಬಂದು "ಹುಳದ ಮದ್ದು ಕೊಡಿ" ಎನ್ನುತ್ತಾನೆ. ಅಂಗಡಿಯಲ್ಲಿ ಇದ್ದ ಸೀಸೆ ಕೈಗೆ ಬರುತ್ತದೆ. ಮನೆಗೆ ಹೋಗಿ, ಕುರಿಯ ತೂಕವನ್ನು ಕಣ್ಣಳತೆಯಲ್ಲಿ ಹಿಡಿದು, ಸೀಸೆ ಎಲ್ಲಕ್ಕೂ ಸಾಲಬೇಕೆಂದು ಕೊಂಚ ಕೊಂಚ ಹಂಚಿ ಗೊಟ್ಟದಲ್ಲಿ ಎತ್ತುತ್ತಾನೆ. ಅವನ ತಪ್ಪೇನಿದೆ? ಸೀಸೆಯ ದುಡ್ಡು ಅವನ ಕೂಲಿಯ ದುಡ್ಡು. ಆದರೆ ಅರೆ ಅಳತೆಯ ಮದ್ದಿನಿಂದ ದುರ್ಬಲ ಹುಳು ಸಾಯುತ್ತದೆ, ಗಟ್ಟಿ ಹುಳು ಉಳಿಯುತ್ತದೆ. ಉಳಿದದ್ದರ ಸಂತಾನವೇ ಮುಂದಿನ ವರ್ಷದ ಹುಲ್ಲನ್ನು ತುಂಬುತ್ತದೆ. ಹೀಗೆಯೇ ಮದ್ದಿಗೆ ಬಗ್ಗದ ಹುಳು ಹುಟ್ಟುವುದು. ಥಯಾಬೆಂಡಜೋಲ್ ಎಂಬ ಹೊಸ ಮದ್ದು ಮಾರುಕಟ್ಟೆಗೆ ಬಂದದ್ದು 1961ರಲ್ಲಿ. ಕೆಲವೇ ವರ್ಷಗಳಲ್ಲಿ ಅದಕ್ಕೆ ಬಗ್ಗದ ಹುಳು ಅಮೆರಿಕದಲ್ಲಿ ಕಂಡಿತು. 1976ರ ಹೊತ್ತಿಗೆ ನಮ್ಮ ದೇಶದಲ್ಲಿಯೂ ವರದಿಯಾಯಿತು. ವರ್ಷಕ್ಕೊಂದು ಹೊಸ ಸೀಸೆ ಕೊಳ್ಳುತ್ತ ಹೋದರೆ ಬೆಳೆಯುವುದು ಕಂಪೆನಿಯ ಲಾಭ ಮತ್ತು ಹುಳುವಿನ ಬಲ, ಎರಡೇ.

ಆದುದರಿಂದ ನಾವು ಸ್ಪಷ್ಟವಾಗಿ ಹೇಳಬಯಸುವುದೇನೆಂದರೆ, ಕುರಿಯವನಿಗೆ ಬೇಕಾದದ್ದು ಇನ್ನೂ ಹತ್ತು ಸೀಸೆಯಲ್ಲ. ಅವನಿಗೆ ಬೇಕಾದದ್ದು ನಡೆದು ಹೋಗುವಷ್ಟು ದೂರದಲ್ಲಿ ಒಂದು ಸೂಕ್ಷ್ಮದರ್ಶಕ, ಅದರ ಮುಂದೆ ಕೂರುವ ಒಬ್ಬ ಮನುಷ್ಯ. ಹತ್ತಾರು ಕುರಿಯ ಹಿಕ್ಕೆಯನ್ನು ಒಂದೊಂದು ಚಿಟಿಕೆ ತಂದು ನೋಡಿದರೆ, ಆ ಮಂದೆಯಲ್ಲಿ ಯಾವ ಹುಳುವಿನ ಮೊಟ್ಟೆ ಇದೆ, ಎಷ್ಟಿದೆ ಎಂಬುದು ತಿಳಿಯುತ್ತದೆ. ಎಳೆಯ ಚಪ್ಪಟೆ ಹುಳು ಮೊಟ್ಟೆಯಿಡುವುದಿಲ್ಲವಾದ್ದರಿಂದ ಹಿಕ್ಕೆಯಲ್ಲಿ ಅದರ ಸುಳಿವು ಸಿಗದು ಎಂಬುದು ನಿಜ. ಅದಕ್ಕೆ ಊರಿನ ಸಾವಿನ ಲೆಕ್ಕ, ಸತ್ತ ಕುರಿಯ ಯಕೃತ್ತಿನ ಪರೀಕ್ಷೆ ಬೇಕು. ಇದೂ ಮನುಷ್ಯನ ಕೆಲಸವೇ, ಸೀಸೆಯ ಕೆಲಸವಲ್ಲ. ದುಂಡುಹುಳುವಿನ ವಿಷಯದಲ್ಲಿ ಇನ್ನೂ ಸುಲಭದ ದಾರಿಯಿದೆ. ಕಣ್ಣಿನ ಕೆಳರೆಪ್ಪೆ ಬಿಡಿಸಿ, ಕೆಂಪಿನಿಂದ ಬಿಳುಪಿನವರೆಗೆ ಐದು ಬಣ್ಣ ಅಚ್ಚು ಹಾಕಿದ ಕಾರ್ಡಿನೊಡನೆ ಹೋಲಿಸಿ, ಬಿಳಿಚಿದ ಕುರಿಗೆ ಮಾತ್ರ ಮದ್ದು ಕೊಡುವ ಕ್ರಮ 1990ರ ದಶಕದಲ್ಲಿ ದಕ್ಷಿಣ ಆಫ್ರಿಕದಲ್ಲಿ ರೂಪುಗೊಂಡಿತು. ಎಲ್ಲಕ್ಕೂ ಕುಡಿಸುವುದು ತಪ್ಪುತ್ತದೆ, ದುಡ್ಡು ಉಳಿಯುತ್ತದೆ, ಹುಳು ಮದ್ದಿಗೆ ಒಗ್ಗುವುದು ತಡವಾಗುತ್ತದೆ. ಅಕ್ಷರ ಬಾರದವರೂ ಕಲಿಯಬಹುದಾದ ವಿದ್ಯೆ ಇದು.

ಚಪ್ಪಟೆ ಹುಳುವಿನ ಕ್ರಮ ಬೇರೆ. ಅಲ್ಲಿ ಒಬ್ಬನ ಮಂದೆಗೆ ಮಾತ್ರ ಮದ್ದು ಕೊಟ್ಟು ಉಪಯೋಗವಿಲ್ಲ. ಪಕ್ಕದವನ ಕುರಿಯ, ಎಮ್ಮೆಯ ಸಗಣಿ ಅದೇ ನೀರಿಗೆ ಬೀಳುತ್ತದೆ. ಊರಿಗೆ ಊರೇ, ಕುರಿ ಮೇಕೆ ದನ ಎಮ್ಮೆ ಸೇರಿ, ಮಳೆಗಾಲಕ್ಕೆ ಮುಂಚೆ ಒಮ್ಮೆ, ಮಳೆ ಹಿಂದೆ ಸರಿದ ಮೇಲೆ ಒಮ್ಮೆ, ವೈದ್ಯರು ಹೇಳಿದ ಮದ್ದನ್ನು ವೈದ್ಯರು ಹೇಳಿದ ಅಳತೆಯಲ್ಲಿ ಕೊಡಬೇಕು. ಒಬ್ಬೊಬ್ಬನು ಒಂಟಿಯಾಗಿ ಗೆಲ್ಲಲಾರದ, ಊರು ಕೂಡಿದರೆ ಮಾತ್ರ ಗೆಲ್ಲುವ ಹೋರಾಟ ಇದು. ಕೂಡಿ ಹೋರಾಡುವುದೆಂದರೇನು ಎಂಬುದನ್ನು ಗಿರಣಿಯ ಕಾರ್ಮಿಕರಿಗೆ ನಾವು ಕಲಿಸಬೇಕಾಗಿಲ್ಲ. ಅವರು ಊರಿಗೆ ಹೋದಾಗ ತಮ್ಮವರಿಗೆ ಕಲಿಸಬಹುದು.

ಅಂಗಡಿಯ ಮುಂದಿನ ನಾಯಿ

ಇಲ್ಲಿ ನಮ್ಮ ವ್ಯಾಪಾರಿ ಬಂಧುಗಳಿಗೂ ಒಂದೆರಡು ಮಾತು. ಮಾಂಸದ ಅಂಗಡಿಯವನು ಕುರಿಯನ್ನು ಕೊಳ್ಳುವಾಗ ಹೊರಗಿನ ಮೈ ನೋಡಿ ಕೊಳ್ಳುತ್ತಾನೆ. ಕೊಯ್ದಾಗ ಲಿವರ್ ಗಂಟುಗಂಟಾಗಿ, ನಾಳದಲ್ಲಿ ಎಲೆಯಂಥ ಹುಳು ಹರಿದಾಡುತ್ತಿದ್ದರೆ ಅದನ್ನು ಯಾರಿಗೂ ಮಾರುವಂತಿಲ್ಲ, ನಷ್ಟ ಅವನದು. ತೂಕ ಕಡಿಮೆಯಾದ ನಷ್ಟ ಸಾಕಿದವನದು. ಬನ್ನೂರು ಕುರಿ ಎಂದು ಹೆಸರಾದ, ಮಂಡ್ಯ ಸೀಮೆಯ ತಳಿಯ ಮಾಂಸಕ್ಕೆ ಬೆಂಗಳೂರು ಮೈಸೂರುಗಳಲ್ಲಿ ಹೆಚ್ಚಿನ ಬೆಲೆ ಕೊಡುವವರಿದ್ದಾರೆ. ಆ ಬೆಲೆಯ ಒಂದು ಪಾಲನ್ನು ಹುಳು ದಾರಿಯಲ್ಲೇ ತಿಂದುಹಾಕಿದರೆ, ಸಾಕಿದವನಿಗೂ ಇಲ್ಲ, ಮಾರಿದವನಿಗೂ ಇಲ್ಲ, ಭಾನುವಾರ ಅರ್ಧ ಕಿಲೋ ಕೊಳ್ಳುವ ಕಾರ್ಮಿಕನಿಗೂ ಇಲ್ಲ.

ಇದಕ್ಕಿಂತ ಗುರುತರವಾದ ಸಂಗತಿ ಇನ್ನೊಂದಿದೆ. ಕೆಟ್ಟ ಲಿವರನ್ನು, ನೀರುಗುಳ್ಳೆ ಎದ್ದ ಶ್ವಾಸಕೋಶವನ್ನು, ತಲೆಯ ತುಂಡನ್ನು ಅಂಗಡಿಯ ಮುಂದೆ ಕಾದಿರುವ ನಾಯಿಗೆ ಎಸೆಯುವುದು ನಮ್ಮಲ್ಲಿ ರೂಢಿ. ಆ ನೀರುಗುಳ್ಳೆ ಬರಿಯ ನೀರಲ್ಲ. ನಾಯಿಯ ಲಾಡಿಹುಳುವಿನ ಮರಿ ಅದರೊಳಗೆ ಇರಬಹುದು. ನಾಯಿ ತಿಂದರೆ ಅದರ ಕರುಳಿನಲ್ಲಿ ಲಾಡಿಹುಳು ಬೆಳೆಯುತ್ತದೆ. ನಾಯಿಯ ಮಲದ ಮೂಲಕ ಮೊಟ್ಟೆ ಮತ್ತೆ ಹುಲ್ಲಿಗೆ, ನೀರಿಗೆ, ಆಡುವ ಮಕ್ಕಳ ಕೈಗೆ ಬರುತ್ತದೆ. ಮನುಷ್ಯನ ಯಕೃತ್ತಿನಲ್ಲಿಯೂ ಶ್ವಾಸಕೋಶದಲ್ಲಿಯೂ ಇದೇ ಗುಳ್ಳೆ ವರ್ಷಗಟ್ಟಲೆ ಬೆಳೆದು, ಕೊನೆಗೆ ಶಸ್ತ್ರಚಿಕಿತ್ಸೆಯವರೆಗೆ ಒಯ್ಯುವುದುಂಟು. ಇನ್ನೊಂದು ಜಾತಿಯ ಲಾಡಿಹುಳುವಿನ ಗುಳ್ಳೆ ಕುರಿಯ ಮಿದುಳಿನಲ್ಲಿ ಬೆಳೆದರೆ ಕುರಿ ಒಂದೇ ಕಡೆಗೆ ಗಿರಗಿರನೆ ಸುತ್ತಿ ಸುತ್ತಿ ಬೀಳುತ್ತದೆ. ಎರಡಕ್ಕೂ ನಾಯಿಯೇ ಸೇತುವೆ. ಕೆಟ್ಟ ಅಂಗವನ್ನು ಆಳವಾಗಿ ಹೂಳುವುದು ಇಲ್ಲವೆ ಸುಡುವುದು, ನಾಯಿಗೂ ಕಾಲಕಾಲಕ್ಕೆ ಜಂತಿನ ಮದ್ದು ಹಾಕಿಸುವುದು, ಇವಿಷ್ಟು ಮಾಡಿದರೆ ಆ ಸೇತುವೆ ಮುರಿಯುತ್ತದೆ. ಮಾಂಸವನ್ನು ಚೆನ್ನಾಗಿ ಬೇಯಿಸಿ ತಿನ್ನುವವರು ಕುರಿಯ ಈ ಹುಳುಗಳಿಗೆ ಹೆದರಬೇಕಾಗಿಲ್ಲ. ಹೆದರಬೇಕಾದದ್ದು ಬೀದಿಗೆ ಎಸೆದ ತುಂಡಿಗೆ. ಹಾಗೆಯೇ ಮದ್ದು ಕುಡಿಸಿದ ಕುರಿಯನ್ನು ಇಂತಿಷ್ಟು ದಿನ ಕೊಯ್ಯಬಾರದೆಂಬ ನಿಯಮ ಪ್ರತಿ ಮದ್ದಿಗೂ ಉಂಟು. ಸಂತೆಯಲ್ಲಿ ಕೊಳ್ಳುವಾಗ, ಇತ್ತೀಚೆಗೆ ಮದ್ದು ಹಾಕಿದ್ದೀರಾ ಎಂದು ಒಂದು ಮಾತು ಕೇಳುವುದು ವ್ಯಾಪಾರಿಗೆ ಗೌರವವೇ ಹೊರತು ನಷ್ಟವಲ್ಲ.

ಸತ್ತ ಮೇಲಿನ ಪರಿಹಾರ, ಬದುಕಿರುವಾಗಿನ ಮದ್ದು

2019ರ ಜಾನುವಾರು ಗಣತಿಯ ಪ್ರಕಾರ ಕರ್ನಾಟಕದಲ್ಲಿ ಸುಮಾರು 1 ಕೋಟಿ 10 ಲಕ್ಷ ಕುರಿಗಳೂ 61 ಲಕ್ಷಕ್ಕೂ ಹೆಚ್ಚು ಮೇಕೆಗಳೂ ಇವೆ. ಕುರಿಗಳ ಸಂಖ್ಯೆಯಲ್ಲಿ ದೇಶಕ್ಕೇ ಮೂರನೆಯ ಸ್ಥಾನ. ಇಷ್ಟು ದೊಡ್ಡ ಸಂಪತ್ತಿಗೆ ಸರಕಾರ ಏನೂ ಮಾಡಿಲ್ಲವೆಂದು ನಾವು ಹೇಳುವುದಿಲ್ಲ. 2019ರಲ್ಲಿ ಕೇಂದ್ರ ಸರಕಾರ ಕಾಲುಬಾಯಿ ಜ್ವರಕ್ಕೂ ಬ್ರೂಸೆಲ್ಲಾ ರೋಗಕ್ಕೂ ರಾಷ್ಟ್ರೀಯ ಕಾರ್ಯಕ್ರಮ ಹೂಡಿತು. ಆಡುಪ್ಲೇಗಿಗೆ ಲಸಿಕೆ ಹಾಕುವ ಕೆಲಸವೂ ನಡೆದಿದೆ. 1962 ಸಂಖ್ಯೆಗೆ ಕರೆ ಮಾಡಿದರೆ ಬರುವ ಪಶು ಚಿಕಿತ್ಸೆಯ ವಾಹನಗಳಿವೆ. ಆಕಸ್ಮಿಕವಾಗಿ ಸತ್ತ ಕುರಿ ಮೇಕೆಗೆ ಪರಿಹಾರ ಕೊಡುವ ಅನುಗ್ರಹ ಎಂಬ ಯೋಜನೆ ರಾಜ್ಯದಲ್ಲಿದೆ. ಇವೆಲ್ಲ ಸ್ವಾಗತಾರ್ಹ. ಆದರೆ ಹುಳುವಿಗೆ ಲಸಿಕೆ ಹಾಕಿ ಮರೆಯುವ ದಾರಿ ನಮ್ಮ ಹಳ್ಳಿಗಳಿಗೆ ಬಂದಿಲ್ಲ. ಅದು ಒಂದೇ ದಿನ ನೂರು ಕುರಿಯನ್ನು ಮಲಗಿಸಿ ಪತ್ರಿಕೆಯ ಮುಖಪುಟಕ್ಕೂ ಬರುವುದಿಲ್ಲ. ಅದು ಮೆಲ್ಲಗೆ ತಿನ್ನುತ್ತದೆ. ಮೆಲ್ಲಗೆ ತಿನ್ನುವ ರೋಗವನ್ನು ಸರಕಾರಗಳು ಮೆಲ್ಲಗೇ ನೋಡುತ್ತವೆ. ಸತ್ತ ಕುರಿಗೆ ಸಾವಿರಾರು ರೂಪಾಯಿ ಕೊಡಲು ಸಿದ್ಧವಿರುವ ಬೊಕ್ಕಸ, ಬದುಕಿರುವ ಕುರಿಯ ಹಿಕ್ಕೆಯನ್ನು ನೋಡಲು ಕೆಲವು ರೂಪಾಯಿಗೆ ಹಿಂಜರಿಯಬಾರದು.

ನಾವು ಕೇಳುವುದು ಆಕಾಶದ ಚಂದ್ರನನ್ನಲ್ಲ. ಒಂದನೆಯದಾಗಿ, ನಾಲೆ ಸೀಮೆಯ ಪ್ರತಿಯೊಂದು ಪಶು ಚಿಕಿತ್ಸಾಲಯದಲ್ಲಿ ಹಿಕ್ಕೆ ಪರೀಕ್ಷೆ ವಾರಕ್ಕೆ ಒಂದು ಗೊತ್ತಾದ ದಿನ ನಡೆಯಬೇಕು; ಸಂತೆಯ ದಿನವೇ ಆದರೆ ಕುರಿಯವನ ಕೂಲಿ ತಪ್ಪುವುದಿಲ್ಲ. ಎರಡನೆಯದಾಗಿ, ಬೆಂಗಳೂರಿನ ರಾಷ್ಟ್ರೀಯ ಪಶುರೋಗ ಸಂಸ್ಥೆಯವರು, ಯಾವ ತಿಂಗಳಲ್ಲಿ ಯಾವ ಜಿಲ್ಲೆಗೆ ಯಾವ ರೋಗ ಬರಬಹುದೆಂದು ಮುಂಚಿತವಾಗಿ ಎಚ್ಚರಿಕೆ ಕೊಡುತ್ತಾರೆ; ಯಕೃತ್ತಿನ ಹುಳುವಿನ ರೋಗವೂ ಆ ಪಟ್ಟಿಯಲ್ಲಿದೆ. ಆ ಎಚ್ಚರಿಕೆಯನ್ನು ಕನ್ನಡದಲ್ಲಿ, ನಾಲ್ಕು ಸಾಲಿನಲ್ಲಿ, ಪಂಚಾಯಿತಿಯ ಬಾಗಿಲಿಗೂ ಹಾಲಿನ ಡೇರಿಯ ಗೋಡೆಗೂ ಅಂಟಿಸಬೇಕು. ಮೂರನೆಯದಾಗಿ, ಹಳ್ಳಿಗಳಲ್ಲಿ ಪಶುಸಖಿಯರೆಂದು ತರಬೇತಿ ಪಡೆದ ಹೆಣ್ಣುಮಕ್ಕಳಿಗೆ ಕಣ್ಣರೆಪ್ಪೆಯ ಕಾರ್ಡನ್ನೂ ತೂಗುವ ತಕ್ಕಡಿಯನ್ನೂ ಕೊಟ್ಟು, ಅವರ ದುಡಿಮೆಗೆ ತಕ್ಕ ಸಂಬಳ ಕೊಡಬೇಕು. ನಾಲ್ಕನೆಯದಾಗಿ, ನೀರಾವರಿಯವರು ಬಸಿಗಾಲುವೆಗಳ ಹೂಳೆತ್ತಬೇಕು, ನಾಲೆಯ ಅಂಚಿನ ಕಳೆ ಕೀಳಿಸಬೇಕು. ಮಂದೆಗಳು ಇಳಿಯುವ ದಾರಿಯಲ್ಲಿ ಪಂಚಾಯಿತಿಯವರು ನೀರಿನ ತೊಟ್ಟಿ ಕಟ್ಟಿಸಬೇಕು. ತೊಟ್ಟಿಯಲ್ಲಿ ಕುಡಿಯುವ ಕುರಿ ಜೌಗಿಗೆ ಇಳಿಯುವುದಿಲ್ಲ. ಬಸವನಹುಳುವನ್ನು ಕೊಲ್ಲಲು ಮೈಲುತುತ್ತ ಸುರಿಯುವ ಹಳೆಯ ಪದ್ಧತಿಯನ್ನು ಯಾರೂ ಮತ್ತೆ ಎತ್ತದಿರಲಿ. ಅದು ಮೀನಿಗೂ ವಿಷ, ಕುರಿಗೂ ವಿಷ. ಕೂಳೆಗದ್ದೆಗೆ ಬಾತುಕೋಳಿ ಬಿಟ್ಟರೆ ಅದೇ ಕೆಲಸವನ್ನು ಅವು ಹೊಟ್ಟೆ ತುಂಬಿಕೊಂಡು ಮಾಡುತ್ತವೆ. ಐದನೆಯದಾಗಿ, ಉಳಿದ ಗೋಮಾಳವನ್ನಾದರೂ ಅಳೆದು ಕಲ್ಲು ನೆಟ್ಟು, ಕುರಿ ಮೇಕೆಗೆ ಬಿಡಬೇಕು.

ಇನ್ನೊಂದು ಮಾತು, ಸರಕಾರಕ್ಕಲ್ಲ, ನಮ್ಮೊಳಗೇ. ಕೈಯಲ್ಲಿ ನಾಲ್ಕು ಕಾಸಿರುವವರು ಕುರಿ ಕೊಂಡು ಬಡವರಿಗೆ ಪಾಲಿಗೆ ಬಿಡುವುದು ನಮ್ಮ ಸೀಮೆಯ ವಾಡಿಕೆ. ಪೇಟೆಯ ವ್ಯಾಪಾರಿಗಳಲ್ಲಿ, ಗಿರಣಿಯ ಕಾರ್ಮಿಕರಲ್ಲಿಯೂ ಹೀಗೆ ಪಾಲಿಗೆ ಬಿಟ್ಟವರು ಇದ್ದಾರೆ. ಮರಿಯಲ್ಲಿ ಸಮಪಾಲು ತೆಗೆದುಕೊಳ್ಳುವವರು ಮದ್ದಿನಲ್ಲಿ ಎಷ್ಟು ಪಾಲು ಕೊಡುತ್ತಾರೆ? ಮೇಯಿಸುವವನು ಮೇಯಿಸಬೇಕು, ಮದ್ದನ್ನೂ ತರಬೇಕು, ಕುರಿ ಸತ್ತರೆ ಬೈಗುಳವನ್ನೂ ಕೇಳಬೇಕು ಎಂಬುದು ಯಾವ ನ್ಯಾಯ? ಮಾಲೀಕನ ಅನ್ಯಾಯವನ್ನು ಗಿರಣಿಯ ಬಾಗಿಲಲ್ಲಿ ಖಂಡಿಸುವವರು ತಮ್ಮ ಎರಡು ಕುರಿಯ ವಿಷಯದಲ್ಲಿ ತಾವೇ ಅಂಥ ಮಾಲೀಕರಾಗಬಾರದು. ಪಾಲಿಗೆ ಬಿಟ್ಟ ಕುರಿಯ ಮದ್ದಿನ ಖರ್ಚನ್ನು ಕುರಿಯ ಒಡೆಯನೇ ಕೊಡುವುದೆಂಬ ಕಟ್ಟುಪಾಡು ಊರೂರಿನಲ್ಲಿ ಬರಲಿ. ಇದಕ್ಕೆ ಯಾವ ಶಾಸನವೂ ಬೇಕಿಲ್ಲ, ಜಗಲಿಯ ಮೇಲೆ ಕುಳಿತು ಆಡುವ ಒಂದು ಮಾತು ಸಾಕು.

ಮುಂಗಾರು ಇನ್ನೇನು ಬರಲಿದೆ. ನಾಲೆಗೆ ನೀರು ಬಿಡುತ್ತಾರೆ, ಬದುವಿನ ಹುಲ್ಲು ಚಿಗುರುತ್ತದೆ, ಪಾಲಹಳ್ಳಿಯ ಕುರಿ ಮತ್ತೆ ಆ ಹಸಿರಿಗೆ ಬಾಯಿ ಹಾಕುತ್ತದೆ. ಈ ಭಾನುವಾರ ಊರಿಗೆ ಹೋಗುವ ಕಾರ್ಮಿಕ ಬಂಧುಗಳು ರೊಪ್ಪಕ್ಕೆ ಹೋಗಿ, ಒಂದೊಂದು ಕುರಿಯ ಕಣ್ಣಿನ ಕೆಳರೆಪ್ಪೆಯನ್ನು ಬಿಡಿಸಿ ನೋಡಲಿ. ಬಿಳಿಚಿದ್ದರೆ ಪೇಟೆಯ ಸೀಸೆಗೆ ಓಡದೆ, ಒಂದು ಹಿಡಿ ಹಿಕ್ಕೆಯನ್ನು ಕಾಗದದಲ್ಲಿ ಕಟ್ಟಿಕೊಂಡು ಪಶು ಆಸ್ಪತ್ರೆಗೆ ಹೋಗಲಿ. ನೋಡಿ ಹೇಳಿ ಎಂದು ಕೇಳಲಿ. ಒಬ್ಬ ಕೇಳಿದರೆ ನಾಳೆ ಬಾ ಎಂದಾರು. ಹತ್ತು ಊರಿನವರು ಒಟ್ಟಾಗಿ ಹೋಗಿ ಕೇಳಿದರೆ ಸೂಕ್ಷ್ಮದರ್ಶಕದ ಮೇಲಿನ ಧೂಳನ್ನು ಒರೆಸಲೇಬೇಕಾಗುತ್ತದೆ.